ಮನೆಯಲ್ಲಿ ಸರೀಸೃಪ ಸಾಕಲು ಸರ್ಕಾರದ ಒಪ್ಪಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾವು, ಹಲ್ಲಿ, ಆಮೆ ಸಾಕುವ ಆಸೆ ಇರುವವರಲ್ಲಿ ಹೆಚ್ಚಿನವರು ಕಾನೂನು ಮೀರಲು ಹೊರಟವರಲ್ಲ. ಯಾರನ್ನು ಕೇಳಬೇಕು, ಏನು ಬರೆದುಕೊಡಬೇಕು, ಉತ್ತರ ಯಾವಾಗ ಬರುತ್ತದೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಇದು ಒಂದೇ ದೇಶದ ಕೈಪಿಡಿ ಅಲ್ಲ. ಬೇರೆ ಬೇರೆ ಕಡೆ ಏನಾಗಿದೆ ಎಂದು ನೋಡಿದರೆ ನಮ್ಮ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಬೇಗ ಹೊಳೆಯುತ್ತದೆ.

ಒಂದು ಪ್ರಭೇದಕ್ಕೆ ಒಪ್ಪಿಗೆ ಸಿಗುವುದು ಎಂದರೆ ಏನು? ನನ್ನ ಲೈಸೆನ್ಸ್ ಬೇರೆ, ಅದು ಬೇರೆಯಾ?

ಹೌದು, ಎರಡೂ ಬೇರೆ. ಈ ಗೊಂದಲದಲ್ಲೇ ಬಹಳ ಜನರ ಸಮಯ ಹಾಳಾಗುತ್ತದೆ. ಮೊದಲ ಪ್ರಶ್ನೆ: ಈ ಪ್ರಭೇದವನ್ನು ಖಾಸಗಿ ವ್ಯಕ್ತಿಗಳು ಸಾಕಬಹುದೇ? ಇದು ಸರ್ಕಾರದ ಪಟ್ಟಿಯ ವಿಷಯ. ಎರಡನೆಯದು: ಸಾಕಬಹುದಾದರೆ, ನೀವು ನಿಮ್ಮ ಮನೆಯಲ್ಲಿ ಈ ಒಂದು ಪ್ರಾಣಿಯನ್ನು ಇಟ್ಟುಕೊಳ್ಳಬಹುದೇ? ಇದು ಲೈಸೆನ್ಸ್ ಅಥವಾ ನೋಂದಣಿಯ ವಿಷಯ. ಮೊದಲನೆಯದು ಇತ್ಯರ್ಥವಾಗದೆ ಎರಡನೆಯದಕ್ಕೆ ಅರ್ಜಿ ಹಾಕಿದರೆ ಆ ಅರ್ಜಿಯನ್ನು ಯಾವ ಟೇಬಲ್ಲೂ ತನ್ನದು ಎನ್ನುವುದಿಲ್ಲ. ಹಾಗಾಗಿ ಪಟ್ಟಿ ಎಲ್ಲಿದೆ, ಅದನ್ನು ಯಾರು ಬದಲಿಸಬಹುದು ಎಂದು ಮೊದಲು ಕೇಳಿ.

ಎಷ್ಟು ಬಗೆಯ ಪಟ್ಟಿಗಳಿವೆ?

ಮುಖ್ಯವಾಗಿ ಎರಡು. ನಿಷೇಧ ಪಟ್ಟಿಯಲ್ಲಿ ಹೆಸರು ಇದ್ದದ್ದನ್ನು ಸಾಕಬಾರದು, ಉಳಿದದ್ದಕ್ಕೆ ತಡೆಯಿಲ್ಲ. ಅನುಮತಿ ಪಟ್ಟಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಸರು ಇದ್ದದ್ದನ್ನು ಮಾತ್ರ ಸಾಕಬಹುದು.

ನಾರ್ವೆಯಲ್ಲಿ 1970ರ ದಶಕದಿಂದ ಸರೀಸೃಪ ಸಾಕುವುದಕ್ಕೇ ನಿಷೇಧ ಇತ್ತು. 2017ರ ಆಗಸ್ಟ್‌ನಲ್ಲಿ 19 ಪ್ರಭೇದಗಳಿಗೆ ಬಾಗಿಲು ತೆರೆಯಿತು. ಕಾರ್ನ್ ಸ್ನೇಕ್ ಎಂಬ ಹಾವು, ಲೆಪರ್ಡ್ ಗೆಕೊ ಮತ್ತು ಬಿಯರ್ಡೆಡ್ ಡ್ರಾಗನ್ ಎಂಬ ಹಲ್ಲಿಗಳು ಅದರಲ್ಲಿವೆ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶ 2019ರಲ್ಲಿ ತಂದ ಸರೀಸೃಪಗಳ ಅನುಮತಿ ಪಟ್ಟಿಯಲ್ಲಿ 400ಕ್ಕೂ ಹೆಚ್ಚು ಹೆಸರುಗಳಿವೆ. ಎರಡೂ ಅನುಮತಿ ಪಟ್ಟಿಗಳೇ. ಆದರೆ ಒಂದರಲ್ಲಿ 19, ಇನ್ನೊಂದರಲ್ಲಿ ನಾನೂರರ ಮೇಲೆ. ನ್ಯೂಜಿಲೆಂಡ್‌ನಲ್ಲಂತೂ ಹಾವು ಮೃಗಾಲಯದಲ್ಲೂ ಇಲ್ಲ.

ಅನುಮತಿ ಪಟ್ಟಿ ಇರುವ ಕಡೆ ಪುರಾವೆಯ ಹೊರೆ ಸಾಕುವವರ ತಲೆಗೆ ಬರುತ್ತದೆ. ಇದರಿಂದ ಅಪಾಯ ಇದೆ ಎಂದು ಸರ್ಕಾರ ತೋರಿಸಬೇಕಿಲ್ಲ, ಅಪಾಯ ಇಲ್ಲ ಎಂದು ನೀವು ತೋರಿಸಬೇಕು. ಅನುಮತಿ ಪಟ್ಟಿಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಸರೀಸೃಪ ಪ್ರಭೇದಗಳು ಸುಮಾರು 12,000 ಇವೆ. ಎಲ್ಲವನ್ನೂ ಒಂದೊಂದಾಗಿ ನಿಷೇಧಿಸುತ್ತಾ ಕೂರುವುದು ಯಾವ ಇಲಾಖೆಗೂ ಆಗದ ಕೆಲಸ. ಆದರೆ ಪಟ್ಟಿಗೆ ಹೊಸ ಹೆಸರು ಸೇರಲು ದಾರಿಯೇ ಇಲ್ಲದಿದ್ದರೆ ಅದು ಅನುಮತಿ ಪಟ್ಟಿ ಅನ್ನಿಸಿಕೊಳ್ಳುವುದಿಲ್ಲ. ಕೆಲವು ಹೆಸರು ಬಿಟ್ಟು ಉಳಿದ ಎಲ್ಲದಕ್ಕೂ ಹಾಕಿದ ನಿಷೇಧ ಆಗುತ್ತದೆ.

ಒಂದೇ ಪ್ರಾಣಿ ಒಂದು ದೇಶದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಇದು ಹೇಗೆ?

ಕಾನೂನು ನೋಡುವುದು ಪ್ರಾಣಿಯನ್ನು ಮಾತ್ರ ಅಲ್ಲ, ಅದು ಇರುವ ಜಾಗವನ್ನೂ. ಬಿಯರ್ಡೆಡ್ ಡ್ರಾಗನ್ ಆಸ್ಟ್ರೇಲಿಯಾದ ಸ್ಥಳೀಯ ಹಲ್ಲಿ. ಅಲ್ಲಿ ಸ್ಥಳೀಯ ಸರೀಸೃಪಗಳನ್ನು ಸಾಕುವುದು ರಾಜ್ಯಗಳ ಲೈಸೆನ್ಸ್ ವ್ಯವಸ್ಥೆಗೆ ಒಳಪಟ್ಟಿದೆ. ಬೇರೆ ದೇಶದ ಸರೀಸೃಪಗಳನ್ನು ಖಾಸಗಿಯಾಗಿ ಸಾಕುವಂತೆಯೇ ಇಲ್ಲ. ಎಷ್ಟೋ ದೇಶಗಳಲ್ಲಿ ಹೊಸಬರಿಗೆ ಹೇಳಿಮಾಡಿಸಿದ್ದು ಎನ್ನುವ ಕಾರ್ನ್ ಸ್ನೇಕ್ ಅಲ್ಲಿ ಕಾನೂನುಬಾಹಿರ. ತಪ್ಪಿಸಿಕೊಂಡ ಕಾರ್ನ್ ಸ್ನೇಕ್ ಅಲ್ಲಿ ನೆಲೆ ನಿಂತರೆ ಏನಾಗಬಹುದು ಎಂಬುದೇ ಅವರ ಚಿಂತೆ. ಹಾಗಾಗಿ "ಆ ದೇಶದಲ್ಲಿ ಬಿಟ್ಟಿದ್ದಾರೆ, ಇಲ್ಲೂ ಬಿಡಿ" ಎನ್ನುವ ವಾದ ಒಂದೇ ಸಾಕಾಗುವುದಿಲ್ಲ. ಆ ದೇಶ ಮಾಡಿದ ಅಪಾಯದ ಅಧ್ಯಯನವನ್ನು ತೋರಿಸಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಒಂದು ಹೆಸರು ಸೇರಿಸುವುದಕ್ಕೆ ಇಷ್ಟು ವರ್ಷ ಯಾಕೆ ಬೇಕು?

ಇದನ್ನು ಕೇಳದವರೇ ಇಲ್ಲ. ಕೋಪ ಬರುವುದು ಸಹಜ. ಆದರೆ ಕಾರಣಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದಾಗಿ, ಸರೀಸೃಪದ ವಿಷಯ ಒಂದೇ ಇಲಾಖೆಯ ಕೈಯಲ್ಲಿ ಇರುವುದು ಕಡಿಮೆ. ಪ್ರಾಣಿಯ ಕ್ಷೇಮ ಪಶುವೈದ್ಯ ಇಲಾಖೆಗೆ ಸೇರುತ್ತದೆ. ಸಾಲ್ಮೊನೆಲ್ಲಾದಂಥ ಸೋಂಕು ಆರೋಗ್ಯ ಇಲಾಖೆಯದು. ತಪ್ಪಿಸಿಕೊಂಡು ಕಾಡು ಸೇರುವ ಭಯ ಪರಿಸರ ಇಲಾಖೆಯದು. ಆಮದು ಕಸ್ಟಮ್ಸ್‌ನದು. ಒಬ್ಬರ ಅಭಿಪ್ರಾಯ ಬರುವ ತನಕ ಇನ್ನೊಬ್ಬರು ಕಾಯುತ್ತಾರೆ. ಇವರಲ್ಲಿ ಯಾರಿಗೂ ಗಡುವು ಇಲ್ಲದಿದ್ದರೆ ಫೈಲ್ ನಿಂತಲ್ಲೇ ನಿಲ್ಲುತ್ತದೆ.

ಎರಡನೆಯದು ಅಧಿಕಾರಿಯ ಸ್ಥಾನದಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಒಂದು ಹೆಸರು ಸೇರಿಸಿ, ನಾಳೆ ಅದು ಕಾಡಿಗೆ ಹೋಗಿ ಅನಾಹುತವಾದರೆ ಸಹಿ ಹಾಕಿದವರನ್ನು ಕೇಳುತ್ತಾರೆ. ಸೇರಿಸದೇ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಹೀಗಿರುವಾಗ ಸುಮ್ನೆ ಇರುವುದೇ ಕ್ಷೇಮ ಎಂದು ಅನ್ನಿಸದೇ ಇರುತ್ತದೆಯೇ? ಆ ವ್ಯಕ್ತಿಯನ್ನು ಬೈದರೆ ಇದು ಸರಿಹೋಗುವುದಿಲ್ಲ. ಸುಮ್ಮನಿರುವುದಕ್ಕೂ ಕಾರಣ ಬರೆಯಬೇಕು ಎಂಬ ನಿಯಮ ಬಂದರೆ ಸರಿಹೋಗುತ್ತದೆ.

ನಿಧಾನ ಅನುಮತಿಯಲ್ಲಿ ಮಾತ್ರ ಇಲ್ಲ, ನಿಷೇಧದಲ್ಲೂ ಇದೆ. ಬರ್ಮೀಸ್ ಹೆಬ್ಬಾವನ್ನು ಹಾನಿಕರ ಪ್ರಾಣಿಗಳ ಪಟ್ಟಿಗೆ ಸೇರಿಸಿ ಎಂದು ಅಮೆರಿಕದ ದಕ್ಷಿಣ ಫ್ಲೋರಿಡಾದ ಜಲ ನಿರ್ವಹಣಾ ಸಂಸ್ಥೆ 2006ರಲ್ಲಿ ಮನವಿ ಕೊಟ್ಟಿತು. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಲ್ಲಿನ ಲೇಸಿ ಕಾಯ್ದೆಯಡಿ ಅಂತಿಮ ಆದೇಶ ಬಂದದ್ದು 2012ರಲ್ಲಿ. ಆ ಹೊತ್ತಿಗೆ ಅಲ್ಲಿನ ಜೌಗು ಪ್ರದೇಶವಾದ ಎವರ್‌ಗ್ಲೇಡ್ಸ್‌ನಲ್ಲಿ ಹೆಬ್ಬಾವು ಬೇರೂರಿ ಆಗಿತ್ತು.

ಅವರು ನಿಜವಾಗಿ ಏನನ್ನು ತೂಗಿ ನೋಡುತ್ತಾರೆ?

ಜನರಿಗೆ ಅಪಾಯ, ರೋಗ, ಸಾಕಣೆಯಲ್ಲಿ ಪ್ರಾಣಿ ಚೆನ್ನಾಗಿರುತ್ತದೆಯೇ ಎಂಬುದು, ಕಾಡಿನಿಂದ ಹಿಡಿದು ತರುವ ವ್ಯಾಪಾರದ ಒತ್ತಡ, ಮತ್ತೆ ತಪ್ಪಿಸಿಕೊಂಡರೆ ನೆಲೆ ನಿಲ್ಲುತ್ತದೆಯೇ ಎಂಬುದು. ಕೊನೆಯದರ ಮೇಲೆ ಸಾಕುವವರು ಕೊಡುವ ಗಮನ ತೀರಾ ಕಡಿಮೆ. ಅಧಿಕಾರಿಗಳಿಗೆ ಅದೇ ದೊಡ್ಡದು.

ಅವರ ಭಯಕ್ಕೆ ಆಧಾರ ಇದೆ. ಎವರ್‌ಗ್ಲೇಡ್ಸ್‌ನಲ್ಲಿ ರಸ್ತೆ ಸಮೀಕ್ಷೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಸಸ್ತನಿಗಳಾದ ರಕೂನ್‌ಗಳು ಕಣ್ಣಿಗೆ ಬೀಳುವುದು 99.3% ಕುಸಿದಿತ್ತು. ಹೆಬ್ಬಾವು ಹಬ್ಬಿದ್ದೇ ಕಾರಣ ಎಂದು ಆ ತಂಡ ಹೇಳಿತು. ಸ್ಪೇನ್ ದೇಶದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಣೆಯಿಂದ ಹೊರಬಿದ್ದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಅಲ್ಲಿನ ಸ್ಥಳೀಯ ಹಲ್ಲಿಗಳನ್ನು ತಿಂದುಹಾಕುತ್ತಿದೆ. ಕೆಂಪು ಕಿವಿಯ ಸ್ಲೈಡರ್ ಆಮೆಯನ್ನು ಮರಿಯಾಗಿದ್ದಾಗ ಕೊಂಡು, ದೊಡ್ಡದಾದ ಮೇಲೆ ಕೆರೆಗೆ ಬಿಟ್ಟವರು ಲೋಕದ ಎಲ್ಲ ಮೂಲೆಯಲ್ಲೂ ಇದ್ದಾರೆ. 2016ರಲ್ಲಿ ಬಂದ ಯುರೋಪಿಯನ್ ಒಕ್ಕೂಟದ ಮೊದಲ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲೇ ಆ ಆಮೆ ಇದೆ. ಹೀಗೆ ಬಿಟ್ಟ ಒಬ್ಬೊಬ್ಬರೂ ಮುಂದಿನ ಅರ್ಜಿದಾರರ ದಾರಿಗೆ ಕಲ್ಲು ಹಾಕಿದ್ದಾರೆ ಎಂದೇ ನಾನು ನಂಬುತ್ತೇನೆ.

ಇದನ್ನು ಅಳೆಯುವ ವಿಧಾನಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಮೇರಿ ಬಾಮ್‌ಫರ್ಡ್ ಅವರು ಹೊರಗಿನ ಕಶೇರುಕಗಳ ಅಪಾಯ ಅಂದಾಜಿಸುವ ಮಾದರಿ ರೂಪಿಸಿದರು. ಪ್ರಾಣಿಯ ತವರಿನ ಹವಾಮಾನಕ್ಕೂ ನಮ್ಮ ಜಾಗದ ಹವಾಮಾನಕ್ಕೂ ಎಷ್ಟು ಹೊಂದಿಕೆ ಇದೆ, ಬೇರೆಲ್ಲಾದರೂ ಅದು ನೆಲೆ ನಿಂತ ಚರಿತ್ರೆ ಇದೆಯೇ ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. ಹವಾಮಾನ ಹೋಲಿಸುವುದಕ್ಕೆ ಕ್ಲೈಮ್ಯಾಚ್ ಎಂಬ ಸಾಧನ ಇದೆ. ನಿಮ್ಮ ಅರ್ಜಿಯಲ್ಲಿ ಇಂಥ ಹೋಲಿಕೆಯ ಒಂದು ಪುಟ ಇದ್ದರೆ, ಓದುವವರಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ.

ನನ್ನ ಹತ್ತಿರ ಸೈಟಿಸ್ ಪರ್ಮಿಟ್ ಇದೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಸೈಟಿಸ್ ಎಂದರೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ, 1975ರಿಂದ ಜಾರಿಯಲ್ಲಿದೆ. ಅದು ನೋಡಿಕೊಳ್ಳುವುದು ಗಡಿ ದಾಟುವ ವ್ಯಾಪಾರವನ್ನು. ಮನೆಯಲ್ಲಿ ಸಾಕಬಹುದೇ ಎಂಬುದನ್ನು ಆಯಾ ದೇಶದ ಕಾನೂನು ಹೇಳುತ್ತದೆ. ಬಾಲ್ ಪೈಥಾನ್ ಎಂಬ ಹೆಬ್ಬಾವು ಅದರ ಅನುಬಂಧ 2ರಲ್ಲಿದೆ, ಅಂದರೆ ಪರ್ಮಿಟ್ ಇದ್ದರೆ ವ್ಯಾಪಾರ ಮಾಡಬಹುದಾದ ಪಟ್ಟಿಯಲ್ಲಿ. ಸರಿಯಾದ ಪರ್ಮಿಟ್ ಜೊತೆ ಅದು ಗಡಿ ದಾಟಬಹುದು. ಆದರೆ ತಲುಪಿದ ಊರಿನ ನಿಯಮ ಬೇಡ ಎಂದರೆ ಆ ಪರ್ಮಿಟ್ ನಿಮ್ಮನ್ನು ಕಾಪಾಡುವುದಿಲ್ಲ.

ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. ಕಾರ್ನ್ ಸ್ನೇಕ್ ಸೈಟಿಸ್ ಅನುಬಂಧಗಳಲ್ಲಿ ಇಲ್ಲ. ಇಲ್ಲದ ಮೇಲೆ ಅದಕ್ಕೆ ಸೈಟಿಸ್ ಪರ್ಮಿಟ್ ಎಲ್ಲಿಂದ ಬರಬೇಕು? ಆದರೂ ಕಚೇರಿಯಲ್ಲಿ "ಸೈಟಿಸ್ ಕಾಗದ ಎಲ್ಲಿ?" ಎಂದು ಕೇಳುತ್ತಾರೆ. ಇಂಥ ಕಡೆ ಜಗಳ ಆಡಿ ಪ್ರಯೋಜನವಿಲ್ಲ. ನಿಮ್ಮ ದೇಶದ ಸೈಟಿಸ್ ನಿರ್ವಹಣಾ ಪ್ರಾಧಿಕಾರಕ್ಕೆ ಬರೆದು, ಈ ಪ್ರಭೇದ ಅನುಬಂಧಗಳಲ್ಲಿ ಇಲ್ಲ ಎಂಬ ಲಿಖಿತ ಉತ್ತರ ಪಡೆದುಕೊಳ್ಳಿ. ಅದರ ನಕಲನ್ನು ಪ್ರತಿ ಅರ್ಜಿಗೂ ಲಗತ್ತಿಸಿ.

ಪರ್ಮಿಟ್ ಮೇಲೆ ಸಿ, ಎಫ್, ಡಬ್ಲ್ಯೂ, ಆರ್ ಎಂಬ ಅಕ್ಷರಗಳು ಇರುತ್ತವೆ. ಅವೇನು?

ಪ್ರಾಣಿ ಎಲ್ಲಿಂದ ಬಂತು ಎಂಬುದರ ಗುರುತು. ಡಬ್ಲ್ಯೂ ಎಂದರೆ ಕಾಡಿನಿಂದ ಹಿಡಿದದ್ದು. ಆರ್ ಎಂದರೆ ಕಾಡಿನಿಂದ ಮೊಟ್ಟೆ ಅಥವಾ ಮರಿ ತಂದು ಬೆಳೆಸಿದ್ದು. ಸಿ ಎಂದರೆ ಸಾಕಣೆಯಲ್ಲೇ ಹುಟ್ಟಿದ್ದು. ಬರೀ ಮೊದಲ ತಲೆಮಾರಿನ ಮರಿ ಆದರೆ ಸಿ ಸಿಗುವುದಿಲ್ಲ. ಆ ತಳಿ ಹಿಂಡು ಸಾಕಣೆಯಲ್ಲೇ ಎರಡನೇ ತಲೆಮಾರನ್ನು ಕೊಟ್ಟಿರಬೇಕು, ಅಥವಾ ಕೊಡಬಲ್ಲದು ಎಂದು ಸಾಬೀತಾಗಿರಬೇಕು. ಅದಿಲ್ಲದಿದ್ದರೆ ಎಫ್. ಅರ್ಜಿಯಲ್ಲಿ ನೀವು "ಸಾಕಣೆಯಲ್ಲಿ ಹುಟ್ಟಿದ್ದು" ಎಂದು ಬರೆದು, ಪರ್ಮಿಟ್‌ನಲ್ಲಿ ಆರ್ ಇದ್ದರೆ ಫೈಲ್ ವಾಪಸ್ ಬರುತ್ತದೆ. ಸುಳ್ಳು ಹೇಳಿದ್ದೀರಿ ಎಂಬ ಅನುಮಾನವೂ ಅಂಟಿಕೊಳ್ಳುತ್ತದೆ.

ಸಾಕಣೆಯಲ್ಲಿ ಹುಟ್ಟಿದ್ದು ಎಂದು ಸಾಬೀತು ಮಾಡುವುದು ಯಾಕೆ ಇಷ್ಟು ಕಷ್ಟ?

ಯಾಕೆಂದರೆ ಕಾಗದದ ಸರಪಳಿ ಮಧ್ಯೆ ಎಲ್ಲೋ ತುಂಡಾಗಿರುತ್ತದೆ. ನಿಮಗೆ ಕೊಟ್ಟವರ ಹತ್ತಿರ ಬಿಲ್ ಇರುತ್ತದೆ. ಅವರಿಗೆ ಕೊಟ್ಟವರ ಹತ್ತಿರ ಇರುವುದಿಲ್ಲ.

ಇನ್ನೊಂದು ಆಳದ ಕಾರಣ ಇದೆ. ಬೋರ್ನಿಯೊ ದ್ವೀಪದ ಕಿವಿಯಿಲ್ಲದ ಉಡವನ್ನೇ ನೋಡಿ. ತವರಿನ ದೇಶಗಳಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇತ್ತು. ಆದರೂ ಅದು ವಿದೇಶಿ ಸಾಕಣೆದಾರರ ಮನೆ ಸೇರಿತು. 2016ರಲ್ಲಿ ಅದನ್ನು ಸೈಟಿಸ್ ಅನುಬಂಧ 2ಕ್ಕೆ ಸೇರಿಸಿ, ಕಾಡಿನಿಂದ ಹಿಡಿದವುಗಳ ವಾಣಿಜ್ಯ ವ್ಯಾಪಾರಕ್ಕೆ ಶೂನ್ಯ ಕೋಟಾ ಇಟ್ಟರು. ಈಗ ಯಾರದೋ ಮನೆಯಲ್ಲಿ ಅದರ ಮರಿ ಹುಟ್ಟಿದರೆ, ಮರಿ ಸಾಕಣೆಯದ್ದೇ ನಿಜ. ಅದರ ಅಜ್ಜ ಅಜ್ಜಿ ಹೇಗೆ ದೇಶ ಬಿಟ್ಟವು? ಈ ಪ್ರಶ್ನೆ ಕೇಳುವ ಅಧಿಕಾರಿಯನ್ನು ನಾನು ತಪ್ಪು ಎನ್ನಲಾರೆ. 2020ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಸರೀಸೃಪ ಪ್ರಭೇದಗಳಲ್ಲಿ 35%ಕ್ಕೂ ಹೆಚ್ಚು ಆನ್‌ಲೈನ್ ಮಾರಾಟದಲ್ಲಿವೆ. ಆ ವ್ಯಾಪಾರದ ಮುಕ್ಕಾಲು ಪಾಲು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಡದ ಪ್ರಭೇದಗಳದು.

ತಳಿ ಮಾಡಿದವರಿಂದ ಹುಟ್ಟಿದ ದಿನಾಂಕ, ತಾಯಿ ತಂದೆಯ ಗುರುತು, ಅವುಗಳ ಖರೀದಿ ದಾಖಲೆ ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಆ ಪ್ರಾಣಿಯನ್ನು ಕೊಳ್ಳಬೇಡಿ.

ಪ್ರಭೇದದ ಹೆಸರೇ ಬದಲಾಗಿದೆ. ಪಟ್ಟಿಯಲ್ಲಿ ಹಳೆಯ ಹೆಸರಿದೆ. ಏನು ಮಾಡಲಿ?

ಕಾರ್ನ್ ಸ್ನೇಕ್ ಮೊದಲು ಎಲಾಫೆ ಗಟ್ಟೇಟಾ ಆಗಿತ್ತು, ಈಗ ಪ್ಯಾಂಥೆರೋಫಿಸ್ ಗಟ್ಟೇಟಸ್. ಕ್ರೆಸ್ಟೆಡ್ ಗೆಕೊ 2012ರ ತನಕ ರಾಕೋಡ್ಯಾಕ್ಟಿಲಸ್ ಕುಲದಲ್ಲಿತ್ತು, ಆಮೇಲೆ ಕೊರೆಲೋಫಸ್‌ಗೆ ಹೋಯಿತು. ವಿಜ್ಞಾನಿಗಳು ಹೆಸರು ಬದಲಿಸುತ್ತಾರೆ, ಗೆಜೆಟ್ ಬದಲಾಗುವುದಿಲ್ಲ. ಅರ್ಜಿಯಲ್ಲಿ ಮೊದಲು ಪಟ್ಟಿಯಲ್ಲಿರುವ ಹೆಸರನ್ನೇ ಬರೆಯಿರಿ. ಅದರ ಪಕ್ಕದಲ್ಲಿ "ಈಗಿನ ಹೆಸರು" ಎಂದು ಹೊಸದನ್ನು ಸೇರಿಸಿ. ಒಂದು ಪ್ರಭೇದವನ್ನು ಎರಡಾಗಿ ಒಡೆದಿದ್ದರೆ ಮಾತ್ರ ವಿಷಯ ಸೂಕ್ಷ್ಮ. ಆಗ ಎರಡರಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ಮೊದಲೇ ಲಿಖಿತವಾಗಿ ಕೇಳಿಬಿಡಿ.

ಬಣ್ಣದ ತಳಿಗಳಿಗೆ ಬೇರೆ ಅನುಮತಿ ಬೇಕಾ?

ಸಾಮಾನ್ಯವಾಗಿ ಬೇಡ, ಪ್ರಭೇದ ಅದೇ. ಎರಡು ಪ್ರಭೇದಗಳ ಮಿಶ್ರತಳಿ ಆದರೆ ಹಾಗಲ್ಲ. ಕೇಳದೇ ಮುಂದುವರಿಯಬೇಡಿ.

ವಿಷದ ಹಾವುಗಳ ಕಥೆ ಏನು?

ಎಷ್ಟೋ ಕಡೆ ಖಾಸಗಿಯವರಿಗೆ ಪೂರ್ತಿ ನಿಷೇಧ. ಬ್ರಿಟನ್‌ನಲ್ಲಿ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆ ಲೈಸೆನ್ಸ್ ದಾರಿ ಇಟ್ಟಿದೆ. ಅರ್ಜಿ ಹೋಗುವುದು ಸ್ಥಳೀಯ ಆಡಳಿತಕ್ಕೆ. ಪಶುವೈದ್ಯರು ಬಂದು ಜಾಗ ನೋಡುತ್ತಾರೆ, ವಿಮೆ ಕಡ್ಡಾಯ. ನಿಯಮ ಬಿಗಿಯಾಗಿದೆ, ಆದರೆ ಏನು ಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ನಾನು ಇಲ್ಲಿ ಬಿಗಿ ನಿಯಮದ ಪರವೇ. ಕಚ್ಚಿದರೆ ಹಾಕಬೇಕಾದ ಪ್ರತಿವಿಷ ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲದ ಕಡೆ ವಿಷದ ಹಾವಿಗೆ ಅನುಮತಿ ಕೇಳುವುದೇ ತಪ್ಪು.

ಭಾರತದಲ್ಲಿ ಇಂಥ ಅನುಮತಿ ಪಟ್ಟಿ ಇದೆಯಾ?

ನಾರ್ವೆಯಂಥ ಪಟ್ಟಿ ಇಲ್ಲ. ಇಲ್ಲಿನ ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ನಾಗರಹಾವು, ಹೆಬ್ಬಾವು, ಉಡ, ನಕ್ಷತ್ರ ಆಮೆ ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ನಕ್ಷತ್ರ ಆಮೆ ಇದ್ದರೆ ಅದೃಷ್ಟ ಎಂದು ಮಾರುವವರ ಮಾತು ಕೇಳಿ ಸಿಕ್ಕಿಬಿದ್ದವರಿದ್ದಾರೆ. 2019ರಲ್ಲಿ ಆ ಆಮೆಯನ್ನು ಸೈಟಿಸ್‌ನ ಅತಿ ಬಿಗಿಯಾದ ಪಟ್ಟಿ ಅನುಬಂಧ 1ಕ್ಕೂ ಏರಿಸಿದರು.

ವಿದೇಶಿ ಪ್ರಭೇದಗಳ ವಿಷಯ ಬೇರೆ. ಇದೇ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ಸೈಟಿಸ್ ಅನುಬಂಧಗಳ ಪ್ರಾಣಿಗಳಿಗಾಗಿಯೇ ಅನುಸೂಚಿ 4 ಇದೆ. ಬಾಲ್ ಪೈಥಾನ್, ಹಸಿರು ಇಗ್ವಾನಾದಂಥವು ಇದರ ವ್ಯಾಪ್ತಿಗೆ ಬರುತ್ತವೆ. ಅಂಥ ಪ್ರಾಣಿ ನಿಮ್ಮಲ್ಲಿದ್ದರೆ ನೋಂದಣಿ ಆಗಬೇಕು. ಮರಿ ಹುಟ್ಟಿದರೆ, ಪ್ರಾಣಿ ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಇದಕ್ಕೆ 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದವು. ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್ ಮೂಲಕ ಹೋಗುತ್ತದೆ. ಹೊರದೇಶದಿಂದ ತರುವುದಾದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಮತ್ತು ಪ್ರಾಣಿ ಕ್ವಾರಂಟೈನ್ ಬೇರೆ ಇವೆ.

ಒಂದು ಮಾತು ನೆನಪಿಡಿ. ನೋಂದಣಿ ಎಂದರೆ ಪ್ರಾಣಿ ನಿಮ್ಮಲ್ಲಿದೆ ಎಂದು ಸರ್ಕಾರಕ್ಕೆ ಗೊತ್ತುಮಾಡಿದ್ದು. ಕಳ್ಳದಾರಿಯಲ್ಲಿ ಬಂದ ಪ್ರಾಣಿ ಅದರಿಂದ ಸಕ್ರಮ ಆಗುವುದಿಲ್ಲ.

ಅರ್ಜಿ ಕೊಟ್ಟೆ, ಉತ್ತರವೇ ಇಲ್ಲ. ಇದನ್ನು ಪ್ರಶ್ನಿಸಬಹುದೇ?

ಈ ವಿಷಯದಲ್ಲಿ ಎಲ್ಲರೂ ಓದಬೇಕಾದ ತೀರ್ಪು ಒಂದಿದೆ. ಬೆಲ್ಜಿಯಂನ ಸಸ್ತನಿಗಳ ಅನುಮತಿ ಪಟ್ಟಿಯನ್ನು ಸಾಕಣೆದಾರರ ಮತ್ತು ವ್ಯಾಪಾರಿಗಳ ಸಂಘಗಳು ಪ್ರಶ್ನಿಸಿದವು. ಯುರೋಪಿಯನ್ ನ್ಯಾಯಾಲಯ 2008ರ ಜೂನ್ 19ರಂದು ತೀರ್ಪು ಕೊಟ್ಟಿತು. ಆಂಡಿಬೆಲ್ ಪ್ರಕರಣ ಎಂದೇ ಅದು ಪರಿಚಿತ. ಅನುಮತಿ ಪಟ್ಟಿ ಮಾಡುವುದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಷರತ್ತುಗಳನ್ನು ಹಾಕಿತು. ಪಟ್ಟಿಗೆ ವಸ್ತುನಿಷ್ಠವಾದ, ತಾರತಮ್ಯ ಇಲ್ಲದ ಮಾನದಂಡ ಇರಬೇಕು. ಹೊಸ ಪ್ರಭೇದ ಸೇರಿಸಿ ಎಂದು ಕೇಳಲು ಸುಲಭವಾಗಿ ಸಿಗುವ ದಾರಿ ಇರಬೇಕು. ಆ ಕೋರಿಕೆ ಸಮಂಜಸವಾದ ಅವಧಿಯಲ್ಲಿ ಮುಗಿಯಬೇಕು. ಬೇಡ ಎಂದರೆ ಕಾರಣ ಕೊಡಬೇಕು, ಆ ಕಾರಣವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಆಗಬೇಕು. ನಿಜವಾದ ಅಪಾಯ ಇದ್ದಾಗ ಮಾತ್ರ ನಿರಾಕರಿಸಬಹುದು.

ಈ ತೀರ್ಪು ಯುರೋಪಿಯನ್ ಒಕ್ಕೂಟದ ಹೊರಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಎಲ್ಲೇ ಇರಲಿ, ನಿಮ್ಮ ಕಚೇರಿಗೆ ಕೇಳಬೇಕಾದ ಪ್ರಶ್ನೆಗಳು ಇವೇ: ಮಾನದಂಡ ಎಲ್ಲಿ ಬರೆದಿದೆ? ಹೆಸರು ಸೇರಿಸಲು ಯಾರಿಗೆ ಅರ್ಜಿ ಕೊಡಬೇಕು? ಎಷ್ಟು ದಿನದಲ್ಲಿ ಉತ್ತರ? ಕಾರಣ ಬರವಣಿಗೆಯಲ್ಲಿ ಸಿಗುತ್ತದೆಯೇ? ಮೇಲ್ಮನವಿ ಯಾರಿಗೆ? "ಆಗಲ್ಲ" ಎಂಬ ಉತ್ತರವನ್ನು ಒಪ್ಪಿಕೊಳ್ಳಬಹುದು, ಅದರ ಜೊತೆ ಕಾರಣ ಇದ್ದರೆ. ಕಾರಣ ಗೊತ್ತಾದರೆ ಮುಂದಿನ ಸಲ ಅದಕ್ಕೆ ಪುರಾವೆ ಹುಡುಕಬಹುದು. ಉತ್ತರವೇ ಬಾರದಿದ್ದರೆ ಏನನ್ನು ಸರಿಪಡಿಸಬೇಕು ಎಂದೇ ತಿಳಿಯುವುದಿಲ್ಲ.

ಬಾಯಿಮಾತಿನಲ್ಲಿ ಏನನ್ನೂ ಮುಗಿಸಬೇಡಿ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ ಏನಾದರೂ ಹೇಳಿದರೆ, ಅದೇ ದಿನ "ನೀವು ಹೀಗೆ ಹೇಳಿದ್ದೀರಿ" ಎಂದು ಒಂದು ಪತ್ರ ಕಳಿಸಿ.

ಹೊಸ ಪ್ರಭೇದ ಸೇರಿಸಲು ಕೇಳುವಾಗ ಏನೇನು ಬರೆಯಬೇಕು?

ಪ್ರಾಣಿ ಎಷ್ಟು ಚೆಂದ, ನಿಮಗೆ ಅದರ ಮೇಲೆ ಎಷ್ಟು ಪ್ರೀತಿ ಎಂದು ಬರೆದರೆ ಅದನ್ನು ಪಕ್ಕಕ್ಕೆ ಇಡುತ್ತಾರೆ. ಬೆಳೆದಾಗ ಅದರ ಉದ್ದ, ತೂಕ, ಆಯಸ್ಸು, ಆಹಾರ ಬರೆಯಿರಿ. ಬೇಕಾದ ಬಿಸಿ ಮತ್ತು ತಂಪು ಜಾಗದ ಉಷ್ಣತೆ, ತೇವಾಂಶ, ಯುವಿಬಿ (ನೇರಳಾತೀತ) ಬೆಳಕಿನ ಅಗತ್ಯ, ಗೂಡಿನ ಅಳತೆ ಬರೆಯಿರಿ. ಸಾಕಣೆಯಲ್ಲಿ ಎಷ್ಟು ಕಾಲದಿಂದ ಮರಿ ಮಾಡುತ್ತಿದೆ, ಕಾಡಿನ ಪ್ರಾಣಿಗಳ ಮೇಲೆ ಅವಲಂಬನೆ ಇದೆಯೇ ಎಂದು ಹೇಳಿ. ಇಲ್ಲಿ ಕ್ರೆಸ್ಟೆಡ್ ಗೆಕೊ ಒಳ್ಳೆಯ ಉದಾಹರಣೆ. ಅಳಿದೇ ಹೋಗಿದೆ ಎಂದುಕೊಂಡಿದ್ದ ಅದು 1994ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಮತ್ತೆ ಸಿಕ್ಕಿತು. ಇವತ್ತು ಸಾಕುವವರ ಮನೆಗಳಲ್ಲಿ ಇರುವುದು ತಲೆಮಾರುಗಳಿಂದ ಸಾಕಣೆಯಲ್ಲೇ ಬೆಳೆದು ಬಂದ ಹಿಂಡು.

ದೌರ್ಬಲ್ಯಗಳನ್ನು ಮುಚ್ಚಿಡಬೇಡಿ. ಸಾಲ್ಮೊನೆಲ್ಲಾ ಅಪಾಯ ಇದೆ ಎಂದು ನೀವೇ ಬರೆದು, ಕೈ ತೊಳೆಯುವುದು, ಚಿಕ್ಕ ಮಕ್ಕಳನ್ನು ದೂರ ಇಡುವುದು ಹೀಗೆ ತಡೆಯುವ ಕ್ರಮವನ್ನೂ ಬರೆಯಿರಿ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟಕ್ಕೆ 1975ರಿಂದ ನಿಷೇಧ ಇರುವುದು ಇದೇ ಕಾರಣಕ್ಕೆ. ಅಧಿಕಾರಿ ಕೇಳುವ ಮೊದಲೇ ನೀವು ಹೇಳಿದರೆ ನಂಬಿಕೆ ಹುಟ್ಟುತ್ತದೆ. ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರ ಪತ್ರ ಸಿಕ್ಕರಂತೂ ಬಹಳ ಒಳ್ಳೆಯದು. ಒಂದೇ ಸಲ ಉದ್ದದ ಪಟ್ಟಿ ಕೊಡುವ ಬದಲು ಒಂದು ಪ್ರಭೇದವನ್ನು ಗಟ್ಟಿಯಾಗಿ ಹಿಡಿದು ಕೇಳಿ.

ಮೊದಲು ಪ್ರಾಣಿ ತಂದುಕೊಂಡು ಆಮೇಲೆ ಅರ್ಜಿ ಹಾಕಿದರೆ?

ಬೇಡ. ನಿಮಗೆ ದಂಡ ಅಥವಾ ಜೈಲು. ಪ್ರಾಣಿಗೆ ಜಪ್ತಿ, ಕೆಲವು ಕಡೆ ಸಾವು.

ನಾನು ಸಾಕಿರುವ ಪ್ರಭೇದವನ್ನು ಈಗ ನಿಷೇಧಿಸಿದರೆ ಅದರ ಗತಿ ಏನು?

ಒಳ್ಳೆಯ ಕಾನೂನುಗಳಲ್ಲಿ ಇದಕ್ಕೆ ದಾರಿ ಇರುತ್ತದೆ. ಯುರೋಪಿಯನ್ ಒಕ್ಕೂಟದ 2014ರ ಆಕ್ರಮಣಕಾರಿ ಪ್ರಭೇದಗಳ ನಿಯಮದಲ್ಲಿ, ಪಟ್ಟಿ ಸೇರುವ ಮೊದಲೇ ಸಾಕಿದ್ದ ಪ್ರಾಣಿಯನ್ನು ಅದು ಸಹಜವಾಗಿ ಸಾಯುವ ತನಕ ಇಟ್ಟುಕೊಳ್ಳಬಹುದು. ಮರಿ ಮಾಡಿಸಬಾರದು, ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಬೇಕು. ಹವಾಯಿಯಲ್ಲಿ ಹಾವು ಸಾಕುವುದು ಗಂಭೀರ ಅಪರಾಧ. ಅಲ್ಲೂ ತಾವಾಗಿ ತಂದೊಪ್ಪಿಸಿದವರಿಗೆ ಕ್ಷಮೆ ಕೊಡುವ ವ್ಯವಸ್ಥೆ ಇದೆ. ಇದು ಇಲ್ಲದ ಕಡೆ ಜನ ಹೆದರಿ ರಾತ್ರಿ ಹೊತ್ತು ಪ್ರಾಣಿಯನ್ನು ಹೊರಗೆ ಬಿಟ್ಟುಬಿಡುತ್ತಾರೆ. ಯಾವ ಅನಾಹುತ ತಡೆಯಲು ನಿಷೇಧ ಬಂತೋ ಅದೇ ಆಗುತ್ತದೆ. ನಿಮ್ಮಲ್ಲಿ ಕರಡು ನಿಯಮ ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಮೊದಲು ನೋಡಬೇಕಾದದ್ದು ಈ ಅಂಶವನ್ನು.

ಒಪ್ಪಿಗೆ ಸಿಕ್ಕಿತು. ಇನ್ನು ಮುಗಿಯಿತಾ?

ಕಾಗದದ ಕೆಲಸ ಮುಂದುವರಿಯುತ್ತದೆ. ಮೈಕ್ರೋಚಿಪ್ ಕಡ್ಡಾಯ ಎಂದು ಇದ್ದು, ನಿಮ್ಮ ಪ್ರಾಣಿ ಅದಕ್ಕೆ ತೀರಾ ಚಿಕ್ಕದಾಗಿದ್ದರೆ ಫೋಟೋ ದಾಖಲೆ ಒಪ್ಪುತ್ತಾರೆಯೇ ಎಂದು ಕೇಳಿ. ಜರ್ಮನಿಯಲ್ಲಿ ಚಿಕ್ಕ ಆಮೆಗಳ ಗುರುತಿಗೆ ಚಿಪ್ಪಿನ ಫೋಟೋ ತೆಗೆದು, ಬೆಳೆದಂತೆ ಹೊಸ ಫೋಟೋ ಸೇರಿಸುತ್ತಾ ಹೋಗುತ್ತಾರೆ. ಮನೆ ಬದಲಿಸಿದರೆ ವಿಳಾಸ ಬದಲಿಸಿ. ಮರಿ, ಸಾವು, ವರ್ಗಾವಣೆ ಎಲ್ಲವನ್ನೂ ದಿನಾಂಕ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ.

ಬಾಲ್ ಪೈಥಾನ್ 30 ವರ್ಷ ಬದುಕಬಲ್ಲದು, ನೆಲದ ಆಮೆಗಳು 50 ದಾಟುತ್ತವೆ. ನಿಮ್ಮ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಅವರ ಹೆಸರಿಗೆ ಲೈಸೆನ್ಸ್ ಹೇಗೆ ವರ್ಗವಾಗುತ್ತದೆ ಎಂಬುದನ್ನು ಈಗಲೇ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಅದೇ ಫೈಲಿಗೆ ಹಾಕಿ.